ಮೂರು ಆ್ಯಂಟಿವೈರಸ್, ಹನ್ನೊಂದು ಹುಡುಗಿಯರು

ಇಲ್ಲಿ ಹೇಳಹೊರಟಿರುವುದರಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ನನ್ನ ತಲೆ ತಾನಾಗಿ ಸೇರಿಸಿಕೊಂಡದ್ದೆಷ್ಟು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಭೌತಶಾಸ್ತ್ರ ಪಾಠ ಮಾಡುವ ಮನುಷ್ಯ ಹೀಗೆ ಹೇಳುವುದು ಶೋಭೆಯಲ್ಲ. ಆದರೆ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋಗಿ ಬಹಳ ದಿನವಾಯಿತು. ನೌಕರಿಯ ಮೊದಲ ವರ್ಷಗಳಲ್ಲಿ ಚಿಂಚೋಳಿಯಲ್ಲಿದ್ದಾಗ ನಾವು ಅಧ್ಯಾಪಕರೆಲ್ಲ ಚಂದ್ರಂಪಳ್ಳಿ ಜಲಾಶಯಕ್ಕೆ ಹೋಗಿದ್ದೆವು. ಅಲ್ಲಿ ನಮ್ಮ ಪ್ರಾಂಶುಪಾಲರ ಒಂದು ಚಪ್ಪಲಿ ನೀರಿಗೆ ಬಿತ್ತು. ಅವರು ಉಳಿದ ಇನ್ನೊಂದನ್ನು ಕೈಯಲ್ಲಿ ಹಿಡಿದು, ಬಿಸಿಲಿಗೆ ಕಾದ ಕಲ್ಲುಗಳ ಮೇಲೆ ಕುಣಿಯುತ್ತ ಬಸ್ಸಿನವರೆಗೆ ಬಂದರು. ಈ ಕಥೆಯನ್ನು ಹದಿನೈದು ವರ್ಷ ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಪ್ರಾಂಶುಪಾಲರ ನಡಿಗೆಯನ್ನು ಅಭಿನಯಿಸಿಯೂ ತೋರಿಸಿದ್ದೇನೆ. ಒಂದು ದಿನ ಹಳೆಯ ಗೆಳೆಯರೊಬ್ಬರು ಆವತ್ತಿನ ಫೋಟೋ ಕಳುಹಿಸಿದರು. ಎಲ್ಲರೂ ಸಾಲಾಗಿ ನಿಂತಿದ್ದಾರೆ, ನಾನಿಲ್ಲ. ಫೋನ್ ಮಾಡಿ ಕೇಳಿದರೆ, "ನಿಮಗ ಆವತ್ತು ಜ್ವರ ಬಂದಿತ್ತಲ್ರಿ ಸರ್, ನೀವು ಬಂದೇ ಇಲ್ಲ" ಎಂದರು. ಫೋಟೋ ತೆಗೆದವನು ನಾನೇ ಇರಬೇಕು ಎಂದು ಒಂದು ವಾರ ವಾದಿಸಿದೆ. ಆಗ ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ ಎಂಬುದನ್ನು ನನ್ನ ಹೆಂಡತಿ ಸುವರ್ಣಾ ತಣ್ಣಗೆ ನೆನಪಿಸಿದಳು. ಅಂದಿನಿಂದ ನಾನು ಯಾವುದನ್ನೂ, ಮುಖ್ಯವಾಗಿ ನನ್ನನ್ನು, ಸುಮ್ಮನೆ ನಂಬುವುದಿಲ್ಲ.

ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಪ್ರಯೋಗಾಲಯದ ಮೇಷ್ಟ್ರು, "ನೋಡಿದ್ದನ್ನು ನೋಡಿದ ತಕ್ಷಣ ಬರೀರಿ, ತಲೆ ಒಂದು ಅಳತೆ ಸಾಮಾನಲ್ಲ" ಎನ್ನುತ್ತಿದ್ದರು. ಹಾಗೆಂದು ಅವರು ಹೇಳಿದ್ದಂತೂ ನನಗೆ ಚೆನ್ನಾಗಿ ನೆನಪಿದೆ. ಈ ಮಾತಿನಲ್ಲಿರುವ ತೊಡಕು ಓದುಗರಿಗೆ ಕಾಣುತ್ತದೆ. ನನಗೂ ಕಾಣುತ್ತದೆ, ಆದರೆ ಏನು ಮಾಡಲಿ. ಅದಕ್ಕೇ ಮನೆಯಲ್ಲಿ ಏನೇ ಹೊಸ ಕೆಲಸ ಶುರುವಾದರೂ ನಾನೊಂದು ನೋಟ್‌ಬುಕ್ ತೆರೆಯುತ್ತೇನೆ. ಈ ಲೇಖನಕ್ಕೆ ಆಧಾರವೂ ಅಂಥದೇ ಒಂದು ನೋಟ್‌ಬುಕ್. ಅದರ ಮೇಲೆ 'ಆ್ಯಂಟಿವೈರಸ್: ತುಲನಾತ್ಮಕ ಅಧ್ಯಯನ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ನಮ್ಮ ಮನೆ ಸೇಡಂನಲ್ಲಿ. ಕಂಪ್ಯೂಟರು ಪಡಸಾಲೆಯ ಮೂಲೆಯಲ್ಲಿ, ಸುವರ್ಣಾ ಹೆಣೆದ ಕ್ರೋಶಾ ಹೊದಿಕೆಯ ಕೆಳಗಿದೆ. ಅದಕ್ಕೆ ಒಂಬತ್ತು ವರ್ಷ ವಯಸ್ಸು. ಅದರೊಳಗೆ ನನ್ನದು ಎನ್ನುವಂಥದ್ದು ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ಮುಗಿಯದ ಎರಡು ಲೇಖನಗಳು. ಬೆಲೆಯುಳ್ಳದ್ದೇನಿದ್ದರೂ ಸುವರ್ಣಾಳದು. ಅವಳು ಚಿತ್ತಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ದಿನವೂ ರೈಲಿನಲ್ಲಿ ಹೋಗಿ ಬರುತ್ತಾಳೆ. ಈ ವರ್ಷ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳ ಹನ್ನೊಂದು ಹುಡುಗಿಯರು ಕನ್ನಡದಲ್ಲೇ ನಪಾಸಾಗಿದ್ದರು. ಸುತ್ತಲಿನ ಹಳ್ಳಿಗಳಿಂದ ಬರುವವರು. ಗುಂಡಗುರ್ತಿ ಕಡೆಯ ಒಬ್ಬಳಂತೂ ತೊಗರಿ ರಾಶಿಯ ಕಾಲಕ್ಕೆ ಒಂದು ತಿಂಗಳು ಶಾಲೆಗೇ ಬಂದಿರಲಿಲ್ಲ. ಇವರಿಗಾಗಿ ಸುವರ್ಣಾ ಒಂದು 'ಪಾಸಿಂಗ್ ಪ್ಯಾಕೇಜ್' ತಯಾರಿಸುತ್ತಿದ್ದಳು. ನಮ್ಮ ಭಾಗದ ಶಿಕ್ಷಕರಿಗೆ ಈ ಪದವನ್ನು ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುವುದಾದರೆ, ಇಷ್ಟನ್ನು ಕಲಿತರೆ ಪಾಸಾಗುವುದು ಖಾತ್ರಿ ಎನ್ನುವಷ್ಟಕ್ಕೆ ಇಡೀ ಪುಸ್ತಕವನ್ನು ಭಟ್ಟಿ ಇಳಿಸಿದ ಟಿಪ್ಪಣಿ. ಸುವರ್ಣಾಳ ಪ್ಯಾಕೇಜು ನಲವತ್ತೆರಡು ಪುಟದ್ದು. ಪ್ರತಿ ಭಾನುವಾರ ಚಿತ್ತಾಪುರಕ್ಕೆ ಹೋಗಿ ಆ ಹುಡುಗಿಯರಿಗೆ ವಿಶೇಷ ತರಗತಿ ನಡೆಸಿ ಬರುವುದು, ಎಲ್ಲಿ ಅವರಿಗೆ ತೊಡಕಾಯಿತೋ ಆ ಪುಟವನ್ನು ಮನೆಗೆ ಬಂದು ತಿದ್ದುವುದು, ಹೀಗೆ ಎರಡು ತಿಂಗಳಿನಿಂದ ನಡೆದಿತ್ತು. ದಿನವೂ ತಿದ್ದುತ್ತಿದ್ದುದರಿಂದ ಒಂದು ಪ್ರತಿಯನ್ನೂ ಮುದ್ರಿಸಿರಲಿಲ್ಲ.

ನನಗೆ ವೈರಸ್ಸಿನ ಭಯ ಹಚ್ಚಿದವರು ನಮ್ಮ ಕಾಲೇಜಿನ ವಾಣಿಜ್ಯಶಾಸ್ತ್ರದ ಶಿವಶರಣಪ್ಪನವರು. ವಾಡಿಯಿಂದ ರೈಲಿನಲ್ಲಿ ಬರುವ ಅವರು ದಾರಿಯುದ್ದಕ್ಕೂ ಫೋನಿನಲ್ಲಿ ಓದಿದ್ದನ್ನೆಲ್ಲ ಸ್ಟಾಫ್ ರೂಮಿಗೆ ತಂದು ಸುರಿಯುತ್ತಾರೆ. "ಸರ್, ಹೊಸಾದೊಂದು ವೈರಸ್ ಬಂದದ್ರಿ. ಒಳಗಿನ ಫೈಲಿಗೆಲ್ಲ ಕೀಲಿ ಜಡಿತದ. ಅಕ್ಷರ ಎಲ್ಲಾ ಉಲ್ಟಾ ಪಲ್ಟಾ ಆಗಿ ಒಂದೂ ಓದಾಕ ಬರಂಗಿಲ್ಲ. ಆಮ್ಯಾಗ ರೊಕ್ಕ ಕೊಟ್ರ ಕೀಲಿ ತಗಿತೀವಿ ಅಂತ ಚೀಟಿ ಬರ್ತದಂತ. ನಿಮ್ಮ ಮನ್ಯಾಗ ಆ್ಯಂಟಿವೈರಸ್ ಯಾವುದು ಹಾಕೀರಿ?" ಎಂದು ಕೇಳಿದರು. ಯಾವುದು ಹಾಕಿದ್ದೇನೆಂದು ನನಗೆ ನೆನಪಿರಲಿಲ್ಲ. "ನೆನಪಿಲ್ಲಂದ್ರ ಹಾಕಿಲ್ಲಂತ ತಿಳ್ಕೋರಿ" ಎಂದರು ಶಿವಶರಣಪ್ಪ. ಅವರು ಒಂದನ್ನು ಹೊಗಳಿದರು. ಪಕ್ಕದಲ್ಲಿದ್ದ ಗ್ರಂಥಪಾಲಕರು ಅದನ್ನು ತೆಗಳಿ ಮತ್ತೊಂದನ್ನು ಹೊಗಳಿದರು. ಇಬ್ಬರ ಬಳಿಯೂ ಪುರಾವೆ ಇರಲಿಲ್ಲ. ಪುರಾವೆ ಇಲ್ಲದ ಹೊಗಳಿಕೆ ಕೇಳಿದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ನಾನೇ ಪರೀಕ್ಷಿಸಿ ನೋಡುತ್ತೇನೆ ಎಂದು ತೀರ್ಮಾನಿಸಿದೆ.

ಮೂರನ್ನು ಆರಿಸಿಕೊಂಡೆ. ಹೆಸರು ಬೇಡ, ಅವುಗಳ ಚಿಹ್ನೆಯ ಬಣ್ಣದಿಂದ ನೀಲಿ, ಕೆಂಪು, ಹಸಿರು ಎಂದು ಕರೆಯೋಣ. ಮೂರೂ ಒಂದು ತಿಂಗಳು ಪುಕ್ಕಟೆ, ಆಮೇಲೆ ದುಡ್ಡು. ಒಂದೊಂದು ಭಾನುವಾರ ಒಂದೊಂದನ್ನು ಹಾಕುವುದು, ಇಡೀ ಕಂಪ್ಯೂಟರನ್ನು ಶೋಧಿಸಲು ಬಿಡುವುದು, ಎಷ್ಟು ಹೊತ್ತು ಹಿಡಿಯಿತು, ಏನೇನು ಸಿಕ್ಕಿತು ಎಂದು ಬರೆದುಕೊಂಡು ಅದನ್ನು ತೆಗೆದುಹಾಕುವುದು. ಮೊದಲ ಭಾನುವಾರ ನೀಲಿಯದು. ಮೂರು ತಾಸು ಶೋಧಿಸಿ, ನಡುವೆ ಒಮ್ಮೆ ಕರೆಂಟ್ ಹೋಗಿ ಮತ್ತೆ ಮೊದಲಿನಿಂದ ಶುರುಮಾಡಿ, ಕೊನೆಗೆ 'ನಿಮ್ಮ ಕಂಪ್ಯೂಟರ್ ಸ್ವಚ್ಛವಾಗಿದೆ' ಎಂದಿತು. ಎರಡನೆಯ ಭಾನುವಾರ ಕೆಂಪಿನದು. ಅದು ಇಪ್ಪತ್ತು ನಿಮಿಷದಲ್ಲಿ ಇನ್ನೂರ ಹದಿನಾಲ್ಕು ಅಪಾಯಗಳನ್ನು ಹಿಡಿಯಿತು, ದುಡ್ಡು ಕೊಟ್ಟರೆ ತೆಗೆಯುತ್ತೇನೆಂದಿತು. ಒಂದು ವಾರದಲ್ಲಿ ಸೊನ್ನೆ ಇನ್ನೂರ ಹದಿನಾಲ್ಕಾಗುವುದು ಹೇಗೆ? ನೀಲಿ ಕುರುಡೋ, ಕೆಂಪು ಸುಳ್ಳುಬುರುಕನೋ? ನಿಜವಾದ ಉತ್ತರ ತಿಳಿದಿದ್ದರೆ ತಾನೇ ಯಾರ ಉತ್ತರ ಸರಿ ಎಂದು ಹೇಳುವುದು. ಉತ್ತರ ಗೊತ್ತಿದ್ದರೆ ಆ್ಯಂಟಿವೈರಸ್ಸೇ ಬೇಕಿರಲಿಲ್ಲ.

ಇದೇ ಪೇಚು ನನಗೆ ಹಿಂದೆ ಶಹಾಬಾದಿನಲ್ಲಿ ಎದುರಾಗಿತ್ತು. ಮನೆ ಕಟ್ಟಿಸುವಾಗ ನೆಲಕ್ಕೆ ಫರ್ಸಿ ಕಲ್ಲು ತರಲು ಹೋಗಿದ್ದೆ. ಅಂಗಡಿಯವನು ಪ್ರತಿ ಕಲ್ಲನ್ನೂ ಬೆರಳ ಗಿಣ್ಣಿನಿಂದ ಬಡಿದು, ಕಿವಿಗೊಟ್ಟು, "ಇದು ಛಲೋ, ಇದು ಒಳಗ ಒಡದದ" ಎಂದು ಬೇರೆ ಮಾಡುತ್ತಿದ್ದ. ನನಗೆ ಎರಡೂ ಒಂದೇ ಸದ್ದು. "ನಿಮಗ ಕೇಳಂಗಿಲ್ರಿ ಸರ್, ಇದಕ್ಕ ಕಿವಿ ಪಳಗಬೇಕು" ಎಂದ. ಸಂಶಯಪಟ್ಟು, ಅವನು ಬೇಡವೆಂದು ಬೇರೆಯಿಟ್ಟಿದ್ದರಲ್ಲಿ ಎರಡನ್ನು ಬೇಕೆಂದೇ ತಂದು ಬಚ್ಚಲಲ್ಲಿ ಹಾಕಿಸಿದೆ. ಅವೆರಡೂ ಮೊದಲ ಚಳಿಗಾಲದಲ್ಲೇ ಬಿರುಕುಬಿಟ್ಟವು. ಅವನ ಕಿವಿ ನಿಜವೆಂದು ರುಜುವಾತಾಯಿತು. ಇವತ್ತಿಗೂ ಸ್ನಾನಕ್ಕೆ ಹೋದಾಗಲೆಲ್ಲ ಆ ಬಿರುಕಿನ ಮೇಲೆ ನಿಂತೇ ನೀರು ಹಾಕಿಕೊಳ್ಳುತ್ತೇನೆ.

ಮೂರನೆಯ ಭಾನುವಾರ ಹಸಿರಿನದು. ಅದು ಗಂಭೀರ ಸ್ವಭಾವದ್ದು. ಅರ್ಧ ತಾಸಿನ ಮೇಲೆ ಪರದೆಯ ನಡುವೆ ಒಂದು ಎಚ್ಚರಿಕೆ ಬಂತು: ನೀವು ಕೀಬೋರ್ಡಿನಲ್ಲಿ ಒತ್ತುವ ಪ್ರತಿಯೊಂದು ಅಕ್ಷರವನ್ನೂ ಗಮನಿಸುತ್ತಿರುವ ತಂತ್ರಾಂಶವೊಂದು ಇಲ್ಲಿ ಅಡಗಿದೆ. ನನಗೆ ಮೈ ಜುಮ್ಮೆಂದಿತು. ಭಯಕ್ಕಲ್ಲ, ಸಂತೋಷಕ್ಕೆ. ನೀಲಿಗೆ ಕಾಣದ, ಕೆಂಪು ಹೇಳದ ಒಬ್ಬ ಗೂಢಚಾರ ನಮ್ಮ ಪಡಸಾಲೆಯಲ್ಲೇ ಕೂತಿದ್ದ. ಅದರ ಹೆಸರಿನ ಜಾಗದಲ್ಲಿ ಏಳೆಂಟು ಅಕ್ಷರ, ಅಂಕಿಗಳ ಅರ್ಥವಿಲ್ಲದ ಗುಂಪೊಂದಿತ್ತು. 'ತೆಗೆಯಲೇ?' ಎಂದು ಕೇಳಿತು. ಅದಾದ ಮೇಲೆ, 'ಇದಕ್ಕೆ ಸಂಬಂಧಿಸಿದ ಎಲ್ಲವನ್ನೂ ತೆಗೆಯಲೇ?' ಎಂದು ಮತ್ತೊಮ್ಮೆ ಕೇಳಿತು. ಎರಡಕ್ಕೂ 'ಹೌದು' ಒತ್ತಲಾಯಿತು. ನೋಟ್‌ಬುಕ್ಕಿನಲ್ಲಿಯೂ ಹಾಗೇ ಇದೆ: 'ಒತ್ತಲಾಯಿತು'. ನನ್ನ ನೆನಪಿನ ಪ್ರಕಾರ ಸುವರ್ಣಾ ಕೈಯಲ್ಲಿ ಸೌಟು ಹಿಡಿದು ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. "ತಗದು ಒಗೀರಿ ಅತ್ಲಾಗ" ಎಂದಳು. ಅವಳ ಮಾತಿನ ಮೇಲೆಯೇ ನಾನು ಒತ್ತಿದ್ದು. ಸೌಟಿಗೆ ಕಡಲೆಹಿಟ್ಟಿನ ಜುಣಕ ಮೆತ್ತಿದ್ದು ಸಹ ಕಣ್ಣಿಗೆ ಕಟ್ಟಿದೆ. ಹಸಿರಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ, ಅದೊಂದನ್ನು ತೆಗೆದುಹಾಕದೆ ಹಾಗೇ ಬಿಟ್ಟೆ.

ಆ ರಾತ್ರಿ ಕರೆಂಟ್ ಇರಲಿಲ್ಲ. ಸೋಮವಾರದಿಂದ ಮೂರು ದಿನ ಸುವರ್ಣಾಗೆ ಶಾಲೆಯಲ್ಲಿ ಅಂಕಗಳನ್ನು ತುಂಬುವ ಕೆಲಸವಿತ್ತು, ಕಂಪ್ಯೂಟರಿನ ಹತ್ತಿರ ಬರಲಿಲ್ಲ. ಗುರುವಾರ ಸಂಜೆ, ಕೊನೆಯ ತಿದ್ದುಪಡಿ ಮಾಡಿ ಮುದ್ರಿಸೋಣವೆಂದು ಪ್ಯಾಕೇಜು ತೆರೆದಳು. ಶನಿವಾರ ಶಾಲೆಯ ಕೊನೆಯ ದಿನ. ಅಂದು ಮಧ್ಯಾಹ್ನ ಓದಿಕೊಳ್ಳುವ ರಜೆಗೆಂದು ಹುಡುಗಿಯರು ತಂತಮ್ಮ ಊರಿಗೆ ಹೋದರೆ ಮತ್ತೆ ಕಾಣುವುದು ಪರೀಕ್ಷೆಯ ಬಾಗಿಲಲ್ಲಿ. ಶನಿವಾರ ಕೈಯಲ್ಲಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

"ರೀ, ಇಲ್ಲಿ ಬರ್ರಿ" ಎಂದಳು. ಆ ದನಿಯನ್ನು ನಾನು ನಮ್ಮ ಮಗಳು ಮಾಳಿಗೆಯಿಂದ ಬಿದ್ದಾಗ ಒಮ್ಮೆ ಕೇಳಿದ್ದೆ. ಹೋಗಿ ನೋಡಿದೆ. ನಲವತ್ತೆರಡು ಪುಟಗಳಲ್ಲಿ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಎಲ್ಲೆಲ್ಲೂ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಟೋಪಿ, ಸೊನ್ನೆ; ನಡುನಡುವೆ ವಿದೇಶಿ ನಾಣ್ಯಗಳ ಚಿಹ್ನೆಗಳು. ಶಿವಶರಣಪ್ಪನವರು ಹೇಳಿದ ಉಲ್ಟಾ ಪಲ್ಟಾ ಎಂದರೆ ಇದೇ. ನಾನು ಬೇರೇನೂ ಯೋಚಿಸದೆ ಗೋಡೆಯ ಪ್ಲಗ್ಗನ್ನು ಕಿತ್ತುಬಿಟ್ಟೆ.

"ಪೆನ್‌ಡ್ರೈವ್‌ನ್ಯಾಗ ಇನ್ನೊಂದು ಅದ" ಎಂದಳು. ಮತ್ತೆ ಪ್ಲಗ್ ಹಾಕಿ ಪೆನ್‌ಡ್ರೈವ್ ಚುಚ್ಚಿ ನೋಡಿದೆವು. ಅದರಲ್ಲೂ ಅದೇ ಟೋಪಿ, ಅದೇ ಸೊನ್ನೆ. "ನೋಡು, ನಮ್ಮ ಕಣ್ಣ ಮುಂದೇ ಅದಕ್ಕೂ ಹತ್ತಿತು!" ಎಂದೆ. ಅವಳು, "ನಾಳೆ ಸಾಲ್ಯಾಗಿನ ಕಂಪ್ಯೂಟರ್‌ನ್ಯಾಗ ಹಾಕಿ ನೋಡ್ಲೇನು?" ಎಂದಳು. ನಾನು ಪೆನ್‌ಡ್ರೈವನ್ನು ಅವಳ ಕೈಯಿಂದ ಕಸಿದುಕೊಂಡು, "ಊರಿಗೆಲ್ಲ ರೋಗ ಹಚ್ಚತೀ ಏನು?" ಎಂದು ಗದರಿದೆ. ಅದೊಂದು ಕೆಲಸ ಮಾಡಲು ಬಿಟ್ಟಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ, ಒಂದು ಉಪಕರಣದಲ್ಲಿ ಸಂಶಯ ಬಂದರೆ ಮತ್ತೊಂದರಲ್ಲಿ ಅಳೆದು ನೋಡಿ ಎಂದು ಹೇಳಿಕೊಡುತ್ತ ಬಂದವನು ನಾನು.

ಸುವರ್ಣಾ ಬಿಳಿ ಹಾಳೆ ತೆಗೆದುಕೊಂಡು ನೆಲದ ಮೇಲೆ ಕುಳಿತು, ನೆನಪಿನಿಂದ ಮೊದಲ ಪುಟ ಬರೆಯಲು ಶುರುಮಾಡಿದಳು. ನಾನು ಕಂಪ್ಯೂಟರಿನ ಮುಂದೆ ಕುಳಿತು ದುಡ್ಡು ಕೇಳುವ ಚೀಟಿಗಾಗಿ ಹುಡುಕಿದೆ. ಎಲ್ಲಿಯೂ ಸಿಗಲಿಲ್ಲ. ಕಡತಕ್ಕೆ ಬೀಗ ಹಾಕಿ ಏನೂ ಕೇಳದೆ ಹೋಗುವ ಕಳ್ಳರೂ ಇರುತ್ತಾರೆಯೇ? ನಮ್ಮ ಕಂಪ್ಯೂಟರಿನ ಒಳಗನ್ನು ನೋಡಿ, ಇವರಿಂದೇನು ಕೀಳುವುದು ಎಂದು ಬಿಟ್ಟು ಹೋದರೋ ಏನೋ ಎನ್ನಿಸಿ ಕೊಂಚ ಅವಮಾನವೂ ಆಯಿತು. "ಎಷ್ಟು ಪುಟ ಆದವು?" ಎಂದು ಕೇಳಿದೆ. "ನಾಕು" ಎಂದಳು, ತಲೆಯೆತ್ತದೆ. "ಹನ್ನೊಂದು ಮಂದಿ ಅದಾರ್ರಿ. ಈ ಸಲ ಫೇಲಾದ್ರ ಆರು ಮಂದಿಗಿ ಮನ್ಯಾಗ ಮತ್ತ ಸಾಲಿಗಿ ಕಳಸಂಗಿಲ್ಲ. ನನಗ ಹೆಸರು ಹಿಡಿದು ಗೊತ್ತದ ಯಾವ ಆರು ಅಂತ."

ಶುಕ್ರವಾರ ಬೆಳಗ್ಗೆ ಕಾಲೇಜಿಗೆ ರಜೆ ಹಾಕಿ, ಕಂಪ್ಯೂಟರಿನ ಡಬ್ಬಿಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಮೌಲಾ ಭಾಯಿಯ ಅಂಗಡಿಗೆ ಹೋದೆ. ಶಹಾಬಾದ್ ಕಡೆಯ ಮೌಲಾ ಭಾಯಿ ಮೂವತ್ತು ವರ್ಷದ ಕೆಳಗೆ ಸೇಡಂಗೆ ಬಂದು ಬಸ್ ಸ್ಟ್ಯಾಂಡಿನ ಬಳಿ ರೇಡಿಯೋ ರಿಪೇರಿಗೆ ಕೂತವರು. ರೇಡಿಯೋ ಹೋಗಿ ಟೀವಿ ಬಂತು, ಟೀವಿ ಹೋಗಿ ಕಂಪ್ಯೂಟರ್ ಬಂತು; ಬೋರ್ಡು ಮಾತ್ರ ರೇಡಿಯೋದ್ದೇ ಇದೆ. ನಾನು ನಡೆದದ್ದನ್ನೆಲ್ಲ ಕ್ರಮವಾಗಿ, ನೋಟ್‌ಬುಕ್ ತೆರೆದು ವಿವರಿಸಿದೆ. ಅವರು ಬೆಸುಗೆ ಹಾಕುತ್ತಲೇ ಕೇಳಿದರು.

"ಕುಂದ್ರಿ ಸರ್, ಚಾ ಕುಡೀರಿ. ಪರೇಶಾನ್ ಆಗಬ್ಯಾಡ್ರಿ."

"ಚಾ ಬ್ಯಾಡ ಭಾಯಿ. ನಿಮ್ಮ ಉಳಿದ ಕಂಪ್ಯೂಟರ್ ದೂರ ಇಡ್ರಿ. ಇದು ಹಬ್ಬತದ."

"ಹಬ್ಬಲಿ ಬರ್ರಿ, ನೋಡಮಿ" ಎಂದು ಡಬ್ಬಿಗೆ ತಮ್ಮ ಪರದೆಯನ್ನು ಜೋಡಿಸಿ, ಪ್ಯಾಕೇಜು ತೆರೆದರು. ಕನ್ನಡಕವನ್ನು ಹಣೆಗೇರಿಸಿ ಒಂದು ಸಲ ನೋಡಿದರು, ಇಳಿಸಿ ಇನ್ನೊಂದು ಸಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಸರ್, ಇದು ವೈರಸ್ ಅಲ್ರಿ. ಇದು ಕನ್ನಡ. ಅಂಗಿ ಕಳದು ನಿಂತದ, ಅಷ್ಟೇ."

ಅರ್ಥವಾಗಲಿಲ್ಲ ಎಂದೆ. ಅವರು ಬಿಡಿಸಿ ಹೇಳಿದರು. ಮೇಡಂ ಟೈಪ್ ಮಾಡುವುದು ಹಳೆಯ ಕನ್ನಡ ತಂತ್ರಾಂಶದಲ್ಲಿ. ಅದರಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಚುಕ್ಕಿ, ಚಿಹ್ನೆಗಳೇ; ಅವುಗಳ ಮೇಲೆ ಕನ್ನಡದ ರೂಪ ತೊಡಿಸುವುದು ಅದರ ಜೊತೆಗೆ ಬಂದ ಫಾಂಟು. ಫಾಂಟನ್ನು ಯಾರಾದರೂ ತೆಗೆದರೆ ಒಳಗಿನದು ಹೊರಗೆ ಕಾಣುತ್ತದೆ. "ವಕೀಲರ ಗುಮಾಸ್ತರು ವಾರಕ್ಕೊಬ್ಬರು ಹಿಂಗ ಅಳಕೋತ ಬರ್ತಾರ. ಆದ್ರ ಪ್ಲಗ್ ಕಿತ್ತಗೊಂಡು ಬಂದವರು ನೀವೇ ಮೊದಲು."

"ಮತ್ತ ಆ ಗೂಢಚಾರ? ಒತ್ತಿದ ಅಕ್ಷರ ಎಲ್ಲಾ ಗಮನಸ್ತದ ಅಂತ ಹಸಿರು ಹೇಳಿತಲ್ಲ?"

"ಹೇಳ್ತದರಿ. ಅದೇ ಮೇಡಂದು ಕನ್ನಡ ತಂತ್ರಾಂಶ. ನೀವು 'ಕ' ಒತ್ತೀರೋ 'ಗ' ಒತ್ತೀರೋ ನೋಡಲಾರದ ಕನ್ನಡ ಹ್ಯಾಂಗ ಮೂಡಸ್ಬೇಕರಿ ಅದು? ಅದರ ಕೆಲಸಾನೇ ಅದು. ಪಾಪ, ಕೆಲಸ ಮಾಡಾಕತ್ತಿದ್ದನ್ನ ಹಿಡಿದು ಹೊರಗ ಹಾಕೀರಿ, ಫಾಂಟೂ ಅದರ ಹಿಂದೇ ಹೋಗ್ಯದ."

ಮೌಲಾ ಭಾಯಿ ಕೀಲಿಗೊಂಚಲಿನಲ್ಲಿ ತೂಗುತ್ತಿದ್ದ ಪೆನ್‌ಡ್ರೈವ್ ಒಂದನ್ನು ಚುಚ್ಚಿ, ಒಂದೆರಡು ಕಡೆ ಒತ್ತಿ, ಪ್ಯಾಕೇಜನ್ನು ಮತ್ತೆ ತೆರೆದರು. ಟೋಪಿಗಳೂ ಸೊನ್ನೆಗಳೂ ಮಾಯವಾಗಿ ಪುಟದ ತುಂಬ ದುಂಡಗಿನ ಕನ್ನಡ ನಿಂತಿತು. ಮೊದಲ ಪುಟದ ಮೊದಲ ಸಾಲನ್ನು ಅವರು ಗಟ್ಟಿಯಾಗಿ ಓದಿದರು: "ಹೆದರಬೇಡಿ. ಮೊದಲು ನಿಮಗೆ ಗೊತ್ತಿರುವ ಪ್ರಶ್ನೆಗೆ ಉತ್ತರ ಬರೆಯಿರಿ." ಓದಿ, "ಮೇಡಂ ಇದು ಹುಡುಗ್ಯಾರಿಗೆ ಬರದಾರೋ ನಿಮಗೋ?" ಎಂದರು.

ಅಷ್ಟಕ್ಕೇ ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಹಾಗೆ ಬರುವ ಜಾತಿಯಲ್ಲ ನಾನು. ಆ 'ಹೌದು' ಒತ್ತಿದ್ದು ಸುವರ್ಣಾ ಹೇಳಿದ್ದಕ್ಕೆ ಎಂದು ಅವರಿಗೆ ತಿಳಿಸಿದೆ. ಅವರು ಹಸಿರಿನ ದಾಖಲೆಯ ಪುಟ ತೆರೆದು ತೋರಿಸಿದರು. ಭಾನುವಾರ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಆ ಹೊತ್ತಿಗೆ ಸುವರ್ಣಾ ಚಿತ್ತಾಪುರದಲ್ಲಿ ಹನ್ನೊಂದು ಹುಡುಗಿಯರ ಮುಂದೆ ನಿಂತಿದ್ದಳು. ಮನೆಯಲ್ಲಿ ನಾನಲ್ಲದೆ ಇನ್ನಾರೂ ಇರಲಿಲ್ಲ. ಸೌಟು ಎಲ್ಲಿಂದ ಬಂತೋ, ಜುಣಕ ಯಾವ ವಾರದ್ದೋ, ಇವತ್ತಿಗೂ ಗೊತ್ತಾಗಿಲ್ಲ. ಹೊರಡುವಾಗ, "ಕೊನೀಗಿ ಮೂರರಾಗ ಯಾವುದು ಇಟ್ಕೊಳ್ಳಲಿ ಭಾಯಿ?" ಎಂದು ಕೇಳಿದೆ. "ಯಂತ್ರದ ಜೋಡಿ ಬಂದದ್ದೊಂದು ಒಳಗ ಅದ್ರಿ, ಬಸ್, ಅದೇ ಸಾಕು. ಅದು ಏನರ ಕೇಳಿದ್ರ ಮೇಡಂಗ ಕರೀರಿ. ನೀವು ಒತ್ತಬ್ಯಾಡ್ರಿ" ಎಂದರು. ರಿಪೇರಿಗೆ ಏನೂ ತೆಗೆದುಕೊಳ್ಳಲಿಲ್ಲ. ಇಷ್ಟು ನಕ್ಕು ಬಹಳ ದಿನವಾಗಿತ್ತಂತೆ.

ಅಂದು ಸಂಜೆ ಹನ್ನೊಂದು ಪ್ರತಿ ಜೆರಾಕ್ಸ್ ಆಯಿತು. ಸುವರ್ಣಾ ಕೈಯಲ್ಲಿ ಬರೆದಿದ್ದ ಹಾಳೆಗಳು ಅಷ್ಟರಲ್ಲಿ ಹದಿನೇಳಕ್ಕೆ ಮುಟ್ಟಿದ್ದವು. ಮೂಲದೊಂದಿಗೆ ಹೋಲಿಸಿ ನೋಡಿದೆ. ಎರಡು ಕಡೆ ಮಾತ್ರ ವ್ಯತ್ಯಾಸವಿತ್ತು, ಆ ಎರಡು ಕಡೆಯೂ ಕೈಬರಹದ್ದೇ ಹೆಚ್ಚು ಚೆನ್ನಾಗಿತ್ತು. ಶನಿವಾರ ಬೆಳಗಿನ ರೈಲಿಗೆ ಅವಳು ಚೀಲ ಎದೆಗವಚಿಕೊಂಡು ಹೋದಳು, ಮಧ್ಯಾಹ್ನ ಖಾಲಿ ಚೀಲ ಹಿಡಿದು ಬಂದಳು.

ಫಲಿತಾಂಶ ಬಂದಾಗ ಹನ್ನೊಂದು ಹುಡುಗಿಯರೂ ಕನ್ನಡದಲ್ಲಿ ಪಾಸು. ಗುಂಡಗುರ್ತಿ ಕಡೆಯವಳಿಗೆ ಅರವತ್ತರ ಮೇಲೆ ಬಂದಿತ್ತು. ನಾನೇ ಪೇಢೆ ತಂದೆ. ಆದರೆ ಸುವರ್ಣಾ ಒಂದು ಪೇಢೆ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು. ಇಬ್ಬರು ವಿಜ್ಞಾನದಲ್ಲಿ ನಪಾಸಾಗಿದ್ದರು. "ಆರು ಮಂದಿ ಅಂದಿದ್ನಲ್ರಿ, ಅದರಾಗಿನವರೇ ಇಬ್ಬರೂ. ಮುಂದಿನ ಪರೀಕ್ಷಾಕ್ಕ ಕುಂದ್ರಸ್ರಿ ಅಂತ ಅವರ ಅಪ್ಪಂದಿರ ಮನಿಗಿ ಹೋಗಿ ಬರಬೇಕು" ಎಂದಳು. ನನಗೆ ನಿಜವಾಗಿಯೂ ಬೇಸರವಾಯಿತು. "ವಿಜ್ಞಾನ ಅಂದ್ರ ನನ್ನ ಕೆಲಸ. ಒಂದು ಮಾತು ಹೇಳಿದ್ರ ನಾನೇ ಬಂದು ಹೇಳಿಕೊಡತಿದ್ದೆ. ಯಾಕ ಹೇಳಲಿಲ್ಲ?" ಎಂದೆ.

ಅವಳು ಪೇಢೆಯನ್ನು ತಟ್ಟೆಯಲ್ಲಿಟ್ಟು, "ಹೇಳಿದ್ದೆ" ಎಂದಳು.

ಹೇಳಿರಲಿಲ್ಲ. ನನಗೆ ಸ್ಪಷ್ಟವಾಗಿ ನೆನಪಿತ್ತು. ಆದರೆ ಅವಳು ವಾದ ಮಾಡದೆ ಒಳಗೆ ಹೋದಳು. ವಾದ ಮಾಡದವರನ್ನು ಕಂಡರೆ ನನಗೆ ಸಂಶಯ ಬರುತ್ತದೆ. ನಾನು ಪಡಸಾಲೆಯಲ್ಲಿ ಒಬ್ಬನೇ ಕುಳಿತು ಫೋನು ತೆಗೆದು, ನಮ್ಮಿಬ್ಬರ ಹಳೆಯ ಸಂದೇಶಗಳನ್ನು ಮೇಲಕ್ಕೆ ಸರಿಸುತ್ತ ಹೋದೆ. ಇತ್ತು. 'ಹುಡುಗ್ಯಾರಿಗೆ ವಿಜ್ಞಾನ ಭಾಳ ಕಠಿಣ ಆಗ್ಯದ. ರವಿವಾರ ಎರಡು ತಾಸು ಚಿತ್ತಾಪುರಕ್ಕ ಬರ್ತೀರೇನು?' ಮೂರು ಶನಿವಾರ, ಮೂರು ಸಲ. ಮೂರಕ್ಕೂ ಕೆಳಗೆ ನನ್ನ ಉತ್ತರವಿತ್ತು, ಮೂರೂ ಸಲ ಒಂದೇ: 'ಈ ರವಿವಾರ ಸ್ಕ್ಯಾನ್ ಅದ.'